ಅಮಾವಾಸ್ಯೆಗೆ ಮಾಯವಾಗುತ್ತಿದ್ದ ಲಾರಿಗಳು

ಎರಡು ವರ್ಷದ ಹಿಂದಿನ ಮಾತು. ಎಳ್ಳಮಾವಾಸ್ಯೆ ಮುಗಿದು ಮೂರು ದಿನವಾಗಿತ್ತು. ಉಳಿದಿದ್ದ ಸಜ್ಜೆ ರೊಟ್ಟಿ ಮುರಿದುಕೊಂಡು ಬೆಳಿಗ್ಗೆ ನಾಷ್ಟಾಕ್ಕೆ ಕುಳಿತಿದ್ದೆ. ಕಾರಟಗಿಯಿಂದ ಮಿಲ್ ಗೌಡರ ಫೋನ್ ಬಂತು. "ಸರ್, ನಿಮ್ಮ ಕಂಪ್ಯೂಟರ್ ನಮ್ಮ ಲಾರಿ ನುಂಗಾಕ ಹತ್ತೈತ್ರಿ. ಲಗೂನ ಬರ್ರಿ" ಎಂದು ಹೇಳಿ ಇಟ್ಟುಬಿಟ್ಟರು.

ನಾನು ಗಂಗಾವತಿಯವನು. ರೈಸ್ ಮಿಲ್ಲುಗಳಿಗೆ, ಗೊಬ್ಬರದ ಅಂಗಡಿಗಳಿಗೆ, ಹನುಮನಹಳ್ಳಿ ಕಡೆಯ ಒಂದೆರಡು ಲಾಡ್ಜುಗಳಿಗೆ ಸಣ್ಣಪುಟ್ಟ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕಸುಬು. ಇಂಟರ್ನೆಟ್ಟಿನ ಹಂಗಿಲ್ಲದೆ ಒಂದೇ ಕಂಪ್ಯೂಟರಿನಲ್ಲಿ ಕೂತು ಕೆಲಸ ಮಾಡುವಂಥವು. ಗೌಡರ ಮಿಲ್ಲಿನಲ್ಲಿ ಲಾರಿ ತೂಗುವ ಕಾಟಾ ಇದೆ. ಲಾರಿ ಅದರ ಮೇಲೆ ಹತ್ತಿ ನಿಂತರೆ ತೂಕ ನೇರವಾಗಿ ಕಂಪ್ಯೂಟರಿಗೆ ಬರುತ್ತದೆ, ಗುಂಡಿ ಒತ್ತಿದರೆ ಚೀಟಿ ಪ್ರಿಂಟ್ ಆಗುತ್ತದೆ, ಸಂಜೆ ಆ ದಿನ ತೂಗಿದ ಎಲ್ಲ ಲಾರಿಗಳ ಪಟ್ಟಿ ಸಿಗುತ್ತದೆ. ಅದನ್ನು ಬರೆದವನು ನಾನು. ಅದರ ಮುಂದೆ ಕೂರುವವರು ರಜಿಯಾಕ್ಕ. ನಲವತ್ತು ದಾಟಿದ ಹೆಂಗಸು, ಒಂಬತ್ತು ವರ್ಷದಿಂದ ಅದೇ ಕುರ್ಚಿ. ಕಾಟಾ ರೂಮಿನ ಬೀಗದ ಕೈ ಅವರ ಸೆರಗಿನ ಗಂಟಿನಲ್ಲೇ ಇರುತ್ತಿತ್ತು.

ನನ್ನ ಸ್ವಭಾವವನ್ನೂ ಹೇಳಿಬಿಡುತ್ತೇನೆ. ನಾನು ಸಂಶಯದ ಮನುಷ್ಯ. ಹಾಲಿನವನು ನೀರು ಬೆರೆಸಿರಬಹುದು, ಬಸ್ಸಿನಲ್ಲಿ ಪಕ್ಕ ಕೂತವನು ನಿದ್ದೆಯ ನಾಟಕ ಮಾಡುತ್ತಿರಬಹುದು, ಹೀಗೆ ಏನಾದರೊಂದು ತಲೆಯಲ್ಲಿ ಓಡುತ್ತಲೇ ಇರುತ್ತದೆ. ನನ್ನ ಕೆಲಸಕ್ಕೆ ಇದು ಒಳ್ಳೆಯದೇ ಎಂದುಕೊಂಡಿದ್ದೆ. ತಪ್ಪು ಹುಡುಕುವವನು ಎಲ್ಲರನ್ನೂ ಎಲ್ಲವನ್ನೂ ಸಂಶಯದಿಂದ ನೋಡಬೇಕು. ಒಂದನ್ನು ಮಾತ್ರ ನಾನು ಎಂದೂ ಹಾಗೆ ನೋಡಿರಲಿಲ್ಲ. ಅದು ನಾನೇ ಬರೆದ ಕೋಡ್.

ಕಾರಟಗಿಗೆ ಹೋದಾಗ ಗೌಡರು ಗೇಟಿನ ವಾಚ್‌ಮನ್ ಬರೆದಿಡುವ ಪುಸ್ತಕವನ್ನು ನನ್ನ ಮುಂದೆ ಇಟ್ಟರು. "ನೋಡ್ರಿ, ಅಮಾಸಿ ದಿನ ಗೇಟಿನ ಪುಸ್ತಕದಾಗ ಹನ್ನೊಂದು ಲಾರಿ ಅದಾವ. ನಿಮ್ಮ ಪಟ್ಟಿಯೊಳಗ ಎಂಟ ಅದಾವ. ಹಿಂದಿನವು ಹುಡುಕಿ ನೋಡಿದ್ರ ಇದು ನಾಕನೇ ಸಲ. ಮೂರು ಲಾರಿ ಅಕ್ಕಿ ಅಂದ್ರ ಮೂರು ಚೀಲ ಅಲ್ಲರಿ ಸರ್."

ರಜಿಯಾಕ್ಕ ಅಲ್ಲೇ ಇದ್ದರು. ನನಗೆ ಚಹಾ ಕೊಡುತ್ತಾ, "ಸರ್, ಆ ಗಡಿಯಾರ ಐತಲ್ರಿ..." ಎಂದು ಏನೋ ಹೇಳಲು ಹೋದರು. ಗೌಡರ ಮುಂದೆ ನನ್ನ ಸಾಫ್ಟ್‌ವೇರಿನ ಮಾನ ಹೋಗುತ್ತಿರುವಾಗ ಗಡಿಯಾರದ ಮಾತು ಯಾರಿಗೆ ಬೇಕು. "ಅಕ್ಕಾರ, ನೀವು ಸ್ವಲ್ಪ ಹೊರಗ ಕೂಡ್ರಿ. ನಾ ನೋಡ್ತೀನಿ" ಎಂದೆ. ಅವರು ಎದ್ದು ಹೋದರು.

ಎರಡು ದಿನ ಹುಡುಕಿದೆ. ಡಿಸ್ಕ್ ಕೆಟ್ಟಿದೆಯೇ ನೋಡಿದೆ, ಚೆನ್ನಾಗಿತ್ತು. ಕಾಟಾದಿಂದ ಬರುವ ಕೇಬಲ್ ಬದಲಿಸಿದೆ. ಚೀಟಿ ಪ್ರಿಂಟ್ ಆಗಿ ತೂಕ ಮಾತ್ರ ಸೇವ್ ಆಗದೆ ಉಳಿಯುತ್ತಿದೆಯೇ ಎಂದು ನೂರು ಸಲ ಸುಳ್ಳು ಲಾರಿ ತೂಗಿದೆ. ನೂರೂ ಸೇವ್ ಆದವು. ನಮ್ಮಂಥವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ತಪ್ಪು ಬಂದರೆ ಪರದೆಯ ಮೇಲೆ ತೋರಿಸದೆ ಸುಮ್ಮನೆ ಮುಂದೆ ಹೋಗು ಎಂದು ಕೋಡಿನಲ್ಲಿ ಬರೆದುಬಿಡುತ್ತೇವೆ, ಗಿರಾಕಿ ಗಾಬರಿಯಾಗಬಾರದಲ್ಲ. ಅಂಥ ಸಾಲುಗಳನ್ನೆಲ್ಲ ತೆಗೆದುಹಾಕಿದೆ. ಆದರೂ ಒಂದು ತಪ್ಪೂ ಕಾಣಲಿಲ್ಲ. ದಿನಾ ಒಂದರಿಂದ ಶುರುವಾಗುವ ಚೀಟಿಯ ನಂಬರುಗಳಲ್ಲೂ ನಡುವೆ ಒಂದೂ ಬಿಟ್ಟುಹೋಗಿರಲಿಲ್ಲ, ಒಂದರಿಂದ ಎಂಟರವರೆಗೆ ಸಾಲಾಗಿದ್ದವು. ಯಂತ್ರದ ತಪ್ಪಲ್ಲ ಎಂದ ಮೇಲೆ ಇದು ಮನುಷ್ಯರ ಕೆಲಸವೇ ಎಂದು ತೀರ್ಮಾನಿಸಿದೆ.

ಗೌಡರು ಬರೆದುಕೊಟ್ಟ ನಾಲ್ಕು ತಾರೀಖುಗಳ ಚೀಟಿ ನಮ್ಮ ಮನೆಯ ಮೇಜಿನ ಮೇಲಿತ್ತು. ನನ್ನ ಹೆಂಡತಿ ಗೋಡೆಯ ಕ್ಯಾಲೆಂಡರಿನಲ್ಲಿ ಅವನ್ನು ನೋಡಿ, "ಈ ನಾಕೂ ಅಮಾಸಿನ ಅಲ್ಲೇನ್ರಿ?" ಎಂದಳು. ಗೌಡರಿಗೆ ಫೋನ್ ಮಾಡಿ ಹೇಳಿದೆ. "ನನಗೂ ಹಂಗ ಅನಸಿತ್ತರಿ. ಯಾರೋ ಏನೋ ಮಾಡ್ಸ್ಯಾರ ಮಿಲ್ಲಿಗೆ" ಎಂದರು. ಅವರ ಸಂಶಯ ಮಾಟಮಂತ್ರದ ಮೇಲೆ. ಮಾಟ ಮಾಡಿದವರಿಗೆ ಲಾರಿ ಯಾಕೆ ಬೇಕು ಎಂದು ನಾನು ಒಳಗೊಳಗೇ ನಕ್ಕೆ. ನನ್ನ ಸಂಶಯ ಬೇರೆ ಕಡೆ ತಿರುಗಿತ್ತು.

ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಮಿಲ್ಲಿನಲ್ಲಿ ಪೂಜೆ. ಮಷೀನು, ಕಾಟಾ, ಕಂಪ್ಯೂಟರು ಎಲ್ಲವನ್ನೂ ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆಯುತ್ತಾರೆ. ಪೂಜೆಗೆ ಹೂ ತರುವುದೂ ರಜಿಯಾಕ್ಕನೇ, ಅವರ ಮನೆ ಹೂವಿನ ಬಜಾರದ ಪಕ್ಕದಲ್ಲಿದೆ. ಪೂಜೆ ಮುಗಿದ ಮೇಲೆ ಎಲ್ಲರೂ ಪ್ರಸಾದಕ್ಕೆ ಗೋಡೌನಿನ ಕಡೆ ಹೋಗುತ್ತಾರೆ. ಕಾಟಾ ರೂಮಿನಲ್ಲಿ ಉಳಿಯುವುದು ಅವರೊಬ್ಬರೇ, ಅಷ್ಟರಲ್ಲಿ ಹೊರಗೆ ಲಾರಿಗಳು ಹಾರ್ನ್ ಹೊಡೆಯುತ್ತಿರುತ್ತವೆ. ಮೊದಲ ಎರಡು ಮೂರು ಲಾರಿ ಹೋಗುವವರೆಗೆ ಅವರನ್ನು ನೋಡುವವರಿಲ್ಲ. ಒಂಬತ್ತು ವರ್ಷದ ನಂಬಿಕೆಯ ಹೆಂಗಸು ಎಂಬುದೇ ನನಗೆ ಸಂಶಯಕ್ಕೆ ಕಾರಣವಾಯಿತು. ನಂಬಿಕೆಯವರಿಗೆ ತಾನೆ ಇಂಥದ್ದಕ್ಕೆ ದಾರಿ ಇರುವುದು?

ಮರುದಿನ ಅವರು ಊಟಕ್ಕೆ ಹೋದಾಗ ಕಂಪ್ಯೂಟರಿನ ಒಳಗಿನ ದಾಖಲೆ ತೆಗೆದೆ. ಕಂಪ್ಯೂಟರ್ ಯಾವಾಗ ಶುರುವಾಯಿತು, ಯಾರು ಏನು ಬದಲಿಸಿದರು ಎಂಬುದನ್ನೆಲ್ಲ ಅದು ತಾನಾಗಿಯೇ ಬರೆದಿಟ್ಟುಕೊಳ್ಳುತ್ತದೆ. ನಾಲ್ಕೂ ಅಮಾವಾಸ್ಯೆಯಂದು, ರಜಿಯಾಕ್ಕನ ಹೆಸರಿನಲ್ಲೇ, ಗಡಿಯಾರ ಬದಲಾದ ಬಗ್ಗೆ ಒಂದೊಂದು ಇಂಗ್ಲಿಷ್ ಸಾಲು ಇತ್ತು. ಸಾಲಿನಲ್ಲಿ ಎರಡು ತಾರೀಖು. ಮೊದಲನೆಯದು ಆ ಅಮಾವಾಸ್ಯೆಯದು, ಎರಡನೆಯದು 2009ರ ಜನವರಿ ಒಂದು.

ಎಲ್ಲ ಗೊತ್ತಾಗಿಹೋಯಿತು ಎಂದು ಕುರ್ಚಿಗೆ ಒರಗಿದೆ. ಇವತ್ತಿನ ತಾರೀಖನ್ನು ಹದಿನೈದು ವರ್ಷದಷ್ಟು ಹಿಂದಕ್ಕೆ ತಿರುಗಿಸುವುದು, ಮೂರು ಲಾರಿ ತೂಗುವುದು, ಅವು ಇವತ್ತಿನ ಪಟ್ಟಿಗೆ ಬರುವುದಿಲ್ಲ, ಮತ್ತೆ ತಾರೀಖು ಸರಿಮಾಡಿ ಒಂದನೇ ನಂಬರಿನಿಂದ ಚೀಟಿ ಶುರು ಮಾಡುವುದು. ನಾನೇ ಮೆಚ್ಚಬೇಕಾದಂಥ ಉಪಾಯ. ಫೋನಿನಲ್ಲಿ ಫೋಟೋ ತೆಗೆದುಕೊಂಡು ಸೀದಾ ಗೌಡರ ಬಳಿ ಹೋದೆ. ಅಷ್ಟು ಖುಷಿಯಾಗಿತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಗೌಡರು ರಜಿಯಾಕ್ಕನನ್ನು ಕರೆಸಿದರು. "ರಜಿಯಾ, ಕಂಪ್ಯೂಟರಿನ ತಾರೀಖು ನೀ ಮುಟ್ಟಿಯೇನು?"

"ಮುಟ್ಟೀನ್ರಿ ಗೌಡ್ರ" ಎಂದರು ಆಕೆ. ಮುಖದಲ್ಲಿ ಅಂಜಿಕೆ ಇರಲಿಲ್ಲ. "ಅಮಾಸಿ ದಿನ ಅದು ತಾನ ಹಿಂದ ಹೋಗಿರ್ತೈತ್ರಿ. ಕೈ ಬಿಡುವಾದ ಕೂಡ್ಲೆ ಮುಂದ ತರ್ತೀನಿ."

"ತಾನ ಹಿಂದ ಹೋಗಾಕ ಅದೇನ್ ಎತ್ತಿನ ಗಾಡಿ ಏನ್ರಿ?" ಎಂದು ನಾನು ಬಾಯಿ ಹಾಕಿದೆ. "ಕಂಪ್ಯೂಟರ್ ಸುಳ್ಳು ಬರ್ಯಂಗಿಲ್ರಿ ಅಕ್ಕಾರ. ನೀವ ಹಿಂದ ಮಾಡೀರಿ ಅಂತ ಅದರಾಗ ಐತಿ."

ರಜಿಯಾಕ್ಕ ನನ್ನನ್ನೇ ನೋಡಿದರು. ಜಗಳ ಮಾಡಲಿಲ್ಲ. ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆದು ಗೌಡರ ಮೇಜಿನ ಮೇಲಿಟ್ಟು, "ನನ್ನ ಮ್ಯಾಲ ಇಷ್ಟು ಸಂಶೆ ಬಂದ ಮ್ಯಾಲ ಇದು ನನ್ನ ಕಡೆ ಬ್ಯಾಡರಿ. ಆದ್ರ ಒಂದು ಮಾತು. ಅದರಾಗ ಏನ್ ಬರದೈತಿ ಅಂತ ನನ್ನ ಮುಂದ ಓದ್ರಿ. ನಾ ಕೇಳಿ ಹೋಗ್ತೀನಿ" ಎಂದರು.

"ಹೌದು ಓದ್ರಿ ಸರ್" ಎಂದರು ಗೌಡರು. "ನನಗೂ ತಿಳಿಯಂಗ, ಕನ್ನಡದಾಗ ಓದ್ರಿ."

ಫೋನ್ ತೆಗೆದೆ. "ಈ ಕಂಪ್ಯೂಟರಿನ ತಾರೀಖು..." ಎಂದು ಶುರು ಮಾಡಿ, ಒಂದೊಂದೇ ಶಬ್ದವನ್ನು ಕನ್ನಡಕ್ಕೆ ತಿರುಗಿಸುತ್ತಾ ಹೋದೆ. ಮೊದಲ ತಾರೀಖಿನ ಹತ್ತಿರ ಬಂದಾಗ ನಾಲಿಗೆ ನಿಂತುಹೋಯಿತು.

ನಾವು "ಗಂಗಾವತಿಯಿಂದ ಕೊಪ್ಪಳಕ್ಕೆ ಹೋದೆ" ಎನ್ನುತ್ತೇವೆ. ಹೊರಟ ಊರು ಮೊದಲು, ಮುಟ್ಟಿದ ಊರು ಆಮೇಲೆ. ಆ ಇಂಗ್ಲಿಷ್ ಸಾಲು "ಕೊಪ್ಪಳಕ್ಕೆ ಹೋದೆ, ಗಂಗಾವತಿಯಿಂದ" ಎಂಬಂತೆ ಇತ್ತು. ಮುಟ್ಟಿದ್ದು ಮೊದಲು, ಹೊರಟದ್ದು ಆಮೇಲೆ. ನಾನು ಎರಡು ತಾರೀಖು ಮಾತ್ರ ನೋಡಿ, ನಮ್ಮ ಅಭ್ಯಾಸದಂತೆ ಮೊದಲು ಕಂಡದ್ದರಿಂದ ಎರಡನೆಯದಕ್ಕೆ ಹೋಗಿದೆ ಎಂದು ತಿಳಿದುಕೊಂಡಿದ್ದೆ. ಟು, ಫ್ರಮ್ ಎಂಬ ಎರಡು ಚಿಕ್ಕ ಇಂಗ್ಲಿಷ್ ಶಬ್ದಗಳ ಕಡೆ ಕಣ್ಣೇ ಹೋಗಿರಲಿಲ್ಲ. ಇಪ್ಪತ್ತು ವರ್ಷದಿಂದ ಇಂಗ್ಲಿಷಿನಲ್ಲೇ ಕೋಡ್ ಬರೆಯುವ ನನಗೆ ಇಂಥ ತಪ್ಪಾಗಿತ್ತು.

ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ಇಬ್ಬರಿಗೂ ಇಂಗ್ಲಿಷ್ ಓದಲು ಬರುವುದಿಲ್ಲ. ಬೇಕಾದ ಹಾಗೆ ಓದಿದರೆ ಮುಗಿಯಿತು, ನನ್ನ ಮರ್ಯಾದೆ ಉಳಿಯುತ್ತದೆ ಎಂಬ ಯೋಚನೆ ಒಂದು ಗಳಿಗೆ ಬಂತು. ಬಂದದ್ದು ನಿಜ, ಮುಚ್ಚಿಡುವುದಿಲ್ಲ.

"ಯಾಕ ನಿಂತ್ರಿ ಸರ್?" ಎಂದರು ಗೌಡರು.

"2009ರ ಜನವರಿ ಒಂದರಿಂದ ಅಮಾವಾಸ್ಯೆಯ ತಾರೀಖಿಗೆ ಬದಲಾಗಿದೆ" ಎಂದು ಓದಿದೆ. "ಹಿಂದ ಮಾಡಿಲ್ಲರಿ ಗೌಡ್ರ. ಅಕ್ಕಾರು ಮುಂದ ತಂದಾರ. ನಾನ ತಪ್ಪು ಓದೀನಿ."

ರಜಿಯಾಕ್ಕ, "ಬರ್ರಿ, ಹೆಂಗ ಹಿಂದ ಹೋಗ್ತೈತಿ ತೋರಸ್ತೀನಿ" ಎಂದು ಕಾಟಾ ರೂಮಿಗೆ ನಡೆದರು. ಅಮಾವಾಸ್ಯೆಯಂದು ಮಾಡುವ ಹಾಗೆಯೇ ಎಲ್ಲ ವೈರು ಕಿತ್ತು, ಯುಪಿಎಸ್ ಹೊರಗಿಟ್ಟು, ರೂಮು ಒರೆಸುವಷ್ಟು ಹೊತ್ತು ಬಿಟ್ಟು ಮತ್ತೆ ಹಚ್ಚಿದರು. ಪರದೆಯ ಮೂಲೆಯಲ್ಲಿ 2009ರ ಜನವರಿ ಒಂದು ಕಾಣಿಸಿತು.

ಕಂಪ್ಯೂಟರಿನ ಒಳಗೆ ಗುಂಡಿಯಂಥ ಒಂದು ಸೆಲ್ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದರ ಕೆಲಸ. ಅದು ಸತ್ತು ಎಷ್ಟು ತಿಂಗಳಾಗಿತ್ತೋ. ಸೆಲ್ಲೂ ಇಲ್ಲದೆ ಕರೆಂಟೂ ಇಲ್ಲದೆ ಹೋದರೆ ಗಡಿಯಾರ ಕಂಪನಿಯವರು ಇಟ್ಟ ಮೊದಲ ತಾರೀಖಿಗೆ ಹೋಗಿ ನಿಲ್ಲುತ್ತದೆ, ಈ ಕಂಪ್ಯೂಟರಿನಲ್ಲಿ ಅದು 2009ರ ಜನವರಿ ಒಂದು. ದಿನಾ ಕಂಪ್ಯೂಟರ್ ಬಂದ್ ಮಾಡಿದರೂ ವೈರು ಚುಚ್ಚಿಯೇ ಇರುತ್ತದೆ, ಹಾಗಾಗಿ ಗಡಿಯಾರ ನಡೆಯುತ್ತದೆ. ವೈರು ಕೀಳುವುದು ಪೂಜೆಯ ದಿನ ಮಾತ್ರ. ನನ್ನ ಸಾಫ್ಟ್‌ವೇರ್ ಕಂಪ್ಯೂಟರ್ ಹೇಳಿದ ತಾರೀಖನ್ನು ಕಣ್ಣುಮುಚ್ಚಿ ನಂಬುತ್ತಿತ್ತು. ನಿನ್ನೆಗಿಂತ ಹಿಂದಿನ ತಾರೀಖು ಬಂದರೆ ನಿಲ್ಲಿಸಿ ಕೇಳು ಎಂದು ಎರಡು ಸಾಲು ಬರೆದಿದ್ದರೆ ಸಾಕಿತ್ತು. ಮನುಷ್ಯರನ್ನೆಲ್ಲ ಸಂಶಯದಿಂದ ನೋಡುವ ನಾನು ಸಂಶಯಪಡಬೇಕಾದಲ್ಲಿ ಪಟ್ಟಿರಲಿಲ್ಲ. 2009ರ ಜನವರಿ ಒಂದರ ಪಟ್ಟಿ ತೆಗೆದು ನೋಡಿದೆ. ಮಿಲ್ಲಿನ ಪಾಯವೇ ತೋಡಿರದ ಆ ದಿನದ ಕೆಳಗೆ, ನಾಲ್ಕು ಅಮಾವಾಸ್ಯೆಯ ಹನ್ನೆರಡು ಲಾರಿಗಳೂ ಒಂದರ ಹಿಂದೊಂದು ನಿಂತಿದ್ದವು. ಡ್ರೈವರುಗಳಿಗೆ ಕೊಟ್ಟ ಚೀಟಿಗಳಲ್ಲೂ ಅದೇ ತಾರೀಖು ಅಚ್ಚಾಗಿತ್ತಂತೆ. ಎಲ್ಲರೂ ತೂಕ ನೋಡಿದ್ದರು, ತಾರೀಖು ಯಾರೂ ನೋಡಿರಲಿಲ್ಲ.

"ನನಗ ಮೊದ್ಲ ಯಾಕ ಹೇಳ್ಲಿಲ್ಲರಿ ಅಕ್ಕಾರ?" ಎಂದು ಕೇಳಿದೆ. ಕೇಳಬಾರದಿತ್ತು.

"ಮೊದಲನೇ ಸಲಾನ ನಿಮಗ ಫೋನ್ ಮಾಡಿದ್ನಿ ಸರ್. ಅದು ಸಣ್ಣ ಕೆಲಸ, ನೀವ ಸರಿ ಮಾಡ್ಕೊಳ್ರಿ ಅಂದ್ರಿ. ಮಾಡ್ಕೊಂಡ್ನಿ" ಎಂದರು. "ಆ ತಾರೀಖಿನ್ಯಾಗ ತೂಗಿದ ಲಾರಿ ಎಲ್ಲಿ ಹೋಗಿ ಕೂಡ್ತಾವ ಅನ್ನೂದು ನನಗ ಹೆಂಗ ಗೊತ್ತಾಗಬೇಕ್ರಿ? ಮೊನ್ನೆ ಚಹಾ ಕೊಡುವಾಗ ಮತ್ತ ಹೇಳಾಕ ಬಂದ್ನಿ. ಹೊರಗ ಕೂಡ್ರಿ ಅಂದ್ರಿ."

ಫೋನ್ ಮಾಡಿದ್ದು ನೆನಪಾಯಿತು. ಆಗಲೂ ನಾನು ನಾಷ್ಟಾಕ್ಕೆ ಕುಳಿತಿದ್ದೆ.

ಗೌಡರ ಮೇಜಿನ ಮೇಲಿದ್ದ ಬೀಗದ ಕೈ ತಂದು ಅವರ ಮುಂದೆ ಹಿಡಿದು, "ತಪ್ಪಾತ್ರಿ ಅಕ್ಕಾರ, ಹಿಡೀರಿ" ಎಂದೆ. ಅವರು ಕೈ ಚಾಚಲಿಲ್ಲ. "ಎಲ್ಲಿತ್ತೋ ಅಲ್ಲೇ ಇಡ್ರಿ. ನಾ ಇಟ್ಟಿದ್ದು ಗೌಡ್ರ ಮುಂದ, ಅವರ ಕೊಡ್ಲಿ" ಎಂದರು. ವಾಪಸ್ ಹೋಗಿ ಇಟ್ಟೆ. ಗೌಡರು ಕುರ್ಚಿಯಿಂದ ಎದ್ದು ನಿಂತು ಅದನ್ನು ಅವರ ಕೈಗೆ ಕೊಟ್ಟರು.

ಸೆಲ್ ಬದಲಿಸಿದೆ. ಈಗ ನನ್ನ ಸಾಫ್ಟ್‌ವೇರ್ ಪ್ರತಿದಿನ ಬೆಳಿಗ್ಗೆ, "ಇವತ್ತಿನ ತಾರೀಖು ಇದೇನಾ?" ಎಂದು ಕನ್ನಡದಲ್ಲಿ ಕೇಳಿಯೇ ಮುಂದೆ ಹೋಗುತ್ತದೆ. ಎಲ್ಲ ಮಿಲ್ಲುಗಳಿಗೂ ಹಾಗೇ ಮಾಡಿಕೊಟ್ಟಿದ್ದೇನೆ. ಮೂರು ತಿಂಗಳಿಗೊಮ್ಮೆ ಗೌಡರ ಮಿಲ್ಲಿಗೆ ಹೋಗುತ್ತೇನೆ, ರಜಿಯಾಕ್ಕ ಮೊದಲಿನಂತೆಯೇ ಚಹಾ ಕೊಡುತ್ತಾರೆ. ಆದರೆ ಅವರು ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದಾರೆ. ನಾನು ಕಂಪ್ಯೂಟರ್ ಮುಟ್ಟಿದಾಗಲೆಲ್ಲ ಏನು ಬದಲಿಸಿದೆ ಎಂದು ಅದರಲ್ಲಿ ಬರೆಯಬೇಕು, ತಾರೀಖು ಹಾಕಬೇಕು, ಸಹಿ ಮಾಡಬೇಕು. ಬೇರೆ ಮೆಕ್ಯಾನಿಕ್ ಯಾರೂ ಹಾಗೆ ಬರೆಯಬೇಕಿಲ್ಲ. ನನಗೆ ಮಾತ್ರ ಆ ನೋಟ್‌ಬುಕ್.

ಮೊದಲ ಸಲ ಬರೆದು ಸಹಿ ಮಾಡಿ ಎದ್ದೇಳುವಾಗ ಅವರು ಪುಟದ ಮೇಲೆ ಬೆರಳಿಟ್ಟು, "ನಿಂದರ್ರಿ ಸರ್. ಓದ್ರಿ. ಜೋರಾಗಿ, ಕನ್ನಡದಾಗ ಓದ್ರಿ" ಎಂದರು.

ಅವತ್ತಿನಿಂದ ಹೋದಾಗಲೆಲ್ಲ ಓದುತ್ತೇನೆ. ಅವರು ಕೊನೆಯ ಶಬ್ದದವರೆಗೂ ಕೇಳಿ ನೋಟ್‌ಬುಕ್ ಮುಚ್ಚುತ್ತಾರೆ.