ಎಂಜಲು ಬಿದ್ದ ಚೌಕ

ಕೈ ತೊಳೆಯುವ ಮೊದಲು ನಲ್ಲಿಯನ್ನೇ ತೊಳೆಯುತ್ತಿದ್ದಳು, ಹಾಗಾಗಿ ಅವಳಿಗೆ ಚೊಕ್ಕಮ್ಮ ಎಂಬ ಅಡ್ಡಹೆಸರು ಅಂಟಿಕೊಂಡಿತು. ಇಟ್ಟವರು ಆಸ್ಪತ್ರೆಯಲ್ಲಿ ಜೊತೆಗೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು. ಒಗೆಯುವ ಮನೆ ನೆಲಮಾಳಿಗೆಯಲ್ಲಿತ್ತು. ಮೇಲಿನ ಮಹಡಿಗಳಿಂದ ದೊಡ್ಡ ಕೊಳವೆಯೊಳಗೆ ಹಾಸಿಗೆ ಬಟ್ಟೆಗಳು ಧೊಪ್ಪೆಂದು ಬಂದು ಬೀಳುತ್ತಿದ್ದವು. ಅವುಗಳಲ್ಲಿ ಏನೇನಿರುತ್ತಿತ್ತು ಎಂದು ಬರೆದರೆ ಉಣ್ಣುತ್ತ ಓದುವವರು ತಟ್ಟೆ ಬಿಟ್ಟು ಏಳಬೇಕಾದೀತು. ಅವಳ ಅರ್ಧ ಆಯುಸ್ಸು ಅಲ್ಲೇ ಸವೆಯಿತು. ಆದರೂ ಒಂದು ದಿನವೂ ಮೇಲಿನ ಮಹಡಿಗೆ ಹತ್ತಿದವಳಲ್ಲ. ಮೇಲಿನವರು ಅವಳಿಗೆ ಗೊತ್ತಿದ್ದದ್ದು ಅವರ ಹೊಲಸಿನಿಂದ ಮಾತ್ರ.

ಕೆಲಸ ಬಿಟ್ಟ ಮೇಲೆ, ಗಂಡನೂ ಹೋದ ಮೇಲೆ, ಅವಳು ಬೀದಿ ಕೊನೆಯ ಗ್ರಂಥಾಲಯದ ಚಿತ್ರದ ಗುಂಪಿಗೆ ಸೇರಿದಳು. ಅಲ್ಲಿ ಚಿತ್ರದ ಮೇಡಂ ವಾರಕ್ಕೊಂದು ಸವಾಲು ಹಾಕುತ್ತಿದ್ದರು. ಸೋಮವಾರ ಒಂದು ಪದ ಹೇಳಿ, ಅಂಗೈಯಗಲದ ಬಿಳಿ ಕಾಗದದ ಚೌಕ ಕೊಡುವರು. ಒಬ್ಬರಿಗೆ ಒಂದೇ ಚೌಕ. ಅದರ ಮೇಲೆ ಕಪ್ಪು ಪೆನ್ನಿನಲ್ಲಿ ಒಂದೇ ಗೆರೆಯನ್ನು ಮತ್ತೆ ಮತ್ತೆ, ಉಸಿರು ನೋಡಿಕೊಳ್ಳುತ್ತ, ಎಳೆಯುತ್ತ ಹೋಗಬೇಕು. ಶನಿವಾರ ತಂದು ಗೋಡೆಗೆ ಚುಚ್ಚಬೇಕು. ಅಳಿಸುವ ರಬ್ಬರ್ ಇಲ್ಲ, ಅಡಿಪಟ್ಟಿ ಇಲ್ಲ. ಇಲ್ಲಿ ತಪ್ಪು ಎನ್ನುವುದೇ ಇಲ್ಲ ಎಂದು ಮೇಡಂ ಪ್ರತಿ ವಾರವೂ ಹೇಳುವರು. ಆ ಮಾತು ಕೇಳಿದಾಗಲೆಲ್ಲ ಚೊಕ್ಕಮ್ಮನಿಗೆ ಮೈ ಮುಳ್ಳೇಳುತ್ತಿತ್ತು. ಮೇಡಂ ಬಾಯಲ್ಲಿ ಕಲೆ ಎಂದರೆ ಚಿತ್ರ. ಇವಳ ಕೈ ಕಂಡ ಕಲೆಯೇ ಬೇರೆ, ಉಜ್ಜಿದರೂ ಹೋಗದ ಜಾತಿಯದು.

ಆದರೂ ಆ ಚೌಕ ಅವಳಿಗೆ ಬೇಕಾಗಿತ್ತು. ಮನೆಯಲ್ಲಿ ಬೇರೆ ಯಾರೂ ಮುಟ್ಟದ ಬಿಳಿ ಎಂದರೆ ಅದೊಂದೇ.

ಏಕೆಂದರೆ ಮನೆಯಲ್ಲಿ ನಾದಿನಿ ಇದ್ದಳು. ಗಂಡನ ತಂಗಿ, ಬೇಕರಿಯಲ್ಲಿ ಬ್ರೆಡ್ಡಿನ ಹಿಟ್ಟು ನಾದಿದವಳು, ಮಂಡಿ ಸೋತ ಮೇಲೆ ಇಲ್ಲಿಗೆ ಬಂದವಳು. ಒಳ್ಳೆಯ ಹೆಂಗಸು, ಸುಳ್ಳಾಡುವವಳಲ್ಲ. ಆದರೆ ಅವಳ ಬಲಗೈ ತೋರುಬೆರಳು ಯಾವಾಗಲೂ ಬಾಯಲ್ಲಿ ಅದ್ದಿಯೇ ಇರುತ್ತಿತ್ತು. ಪುಟ ತಿರುಗಿಸಲು ನೆಕ್ಕುವಳು, ಅಂಟಿಕೊಂಡ ಚೀಲ ಬಿಡಿಸಲು ನೆಕ್ಕುವಳು, ಹುಬ್ಬು ತೀಡಲು ನೆಕ್ಕುವಳು. ಮೇಜಿನ ಮೇಲೆ ಒಂದು ಕಣ ಬಿದ್ದಿದ್ದರೆ ಎಂಜಲು ಬೆರಳಿನಿಂದ ಒತ್ತಿ ಎತ್ತಿ ಮತ್ತೆ ಬಾಯಿಗೇ ಹಾಕುವಳು. ಬೇಕರಿಯಲ್ಲಿ ಒಂದು ಕಾಳೂ ದಂಡವಾಗಬಾರದೆಂದು ಕಲಿತ ಅಭ್ಯಾಸವಂತೆ. ಸಾಬೂನಿನ ಮೇಲೆ ಅವಳ ಕೂದಲು ಸುತ್ತಿಕೊಂಡಿರುವುದು, ಲೋಟದ ಅಂಚಿನಲ್ಲಿ ತುಟಿಯ ಗುರುತು ಉಳಿದಿರುವುದು ಇವೆಲ್ಲ ಬೇರೆ. ಅವಳು ಮುಟ್ಟಿದ ಬಾಗಿಲ ಚಿಲಕವನ್ನು ಚೊಕ್ಕಮ್ಮ ಮೊಣಕೈಯಲ್ಲಿ ತೆಗೆಯುತ್ತಿದ್ದಳು.

ಹೀಗಿರುವಾಗ ಒಂದು ಸೋಮವಾರ ಮೇಡಂ ಕೊಟ್ಟ ಪದ 'ಕಾಳು'. ಈ ವಾರದ ಚೌಕಗಳಲ್ಲಿ ಒಂದನ್ನು ಆರಿಸಿ, ಗಾಜು ಹಾಕಿಸಿ, ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಕಾಯುವವರ ಕೋಣೆಗೆ ತೂಗುಹಾಕುತ್ತೇವೆ ಎಂದೂ ಹೇಳಿದರು. ಅದು ಚೊಕ್ಕಮ್ಮ ದುಡಿದ ಆಸ್ಪತ್ರೆಯೇ. ಅವಳು ಯಾರಿಗೂ ಹೇಳಲಿಲ್ಲ, ಆದರೆ ಮನಸ್ಸಿನಲ್ಲಿ ಹಟ ಕಚ್ಚಿ ಕೂತಿತು. ಮೇಲಿನಿಂದ ಬಿದ್ದ ಹೊಲಸನ್ನೆಲ್ಲ ತೊಳೆದ ಕೈಯಿಂದ ಶುಭ್ರವಾದ ಒಂದು ವಸ್ತು, ಒಂದೇ ಒಂದು, ಮೇಲಕ್ಕೆ ಹೋಗಬೇಕು.

ವಾರವಿಡೀ ಎಳ್ಳಿನಷ್ಟು ಸಣ್ಣ ಕಾಳುಗಳನ್ನು ಬರೆದಳು. ಪ್ರತಿ ಕಾಳಿಗೂ ಒಂದು ಮೂತಿ, ಒಂದು ಹೊಟ್ಟೆ, ಒಂದು ಚೂರು ನೆರಳು. ಶುಕ್ರವಾರದ ಹೊತ್ತಿಗೆ ಚೌಕದ ಮೇಲೆ ಯಾರೋ ಎಳ್ಳು ಚೆಲ್ಲಿದಂತಿತ್ತು. ಶಾಯಿ ಒಣಗಲೆಂದು ಮೇಜಿನ ಮೇಲೆ ಬಿಟ್ಟು ಹಾಲು ತರಲು ಹೋದಳು.

ತಿರುಗಿ ಬಂದಾಗ ನಾದಿನಿ ಮೇಜಿನ ಮುಂದೆ ನಾಲಿಗೆ ಚಪ್ಪರಿಸುತ್ತ ನಿಂತಿದ್ದಳು. ತುಟಿ ಕಪ್ಪಾಗಿತ್ತು. ಚೌಕದ ನಟ್ಟನಡುವೆ ಕಾಳುಗಳು ಕರಗಿ ಬೆರಳಿನ ಅಚ್ಚೊಂದು ಬಿದ್ದಿತ್ತು.

"ಎಳ್ಳು ಅಂದ್ಕೊಂಡೆ ಅತ್ತಿಗೆ," ಎಂದಳು. "ಒತ್ತಿದೆ, ಬರ್ಲಿಲ್ಲ. ಇನ್ನೊಂಚೂರು ಒದ್ದೆ ಮಾಡ್ಕೊಂಡು ಒತ್ತಿದೆ."

"ನುಂಗಿದ್ಯಾ?"

"ನುಂಗ್ದೆ. ಕಹಿ."

ಚೊಕ್ಕಮ್ಮ ಹಾಲನ್ನು ಅಲ್ಲೇ ಇಟ್ಟಳು. ಬಚ್ಚಲಿಗೆ ಹೋಗಿ ನಲ್ಲಿ ತೊಳೆದು, ಕೈ ತೊಳೆದು, ಮತ್ತೆ ನಲ್ಲಿ ತೊಳೆದಳು. ಇನ್ನೊಂದು ಚೌಕ ಸಿಗುವುದಿಲ್ಲ. ಕೊಡದೆ ಬಿಟ್ಟರೆ ಬೇರೆಯವರ ಕಾಳು ಮೇಲಿನ ಮಹಡಿಗೆ ಹೋಗುತ್ತದೆ. ಕೊಟ್ಟರೆ ಎಂಜಲು ಹೋಗುತ್ತದೆ.

ಶನಿವಾರ ಬೆಳಿಗ್ಗೆ, ಹಿಂದೆ ಆಸ್ಪತ್ರೆಯ ಕೊಳವೆಯ ಕೆಳಗೆ ನಿಂತಾಗ ಮಾಡುತ್ತಿದ್ದಂತೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತಳು. ಬೆರಳಚ್ಚಿನ ಗೆರೆಗಳು ಸುಳಿಯಾಗಿದ್ದವು. ಹೊರಗಿನ ಗೆರೆಯ ಬಾಲ ಹಿಡಿದು ಪೆನ್ನು ಎಳೆದಳು. ಅದರ ಸುತ್ತ ಇನ್ನೊಂದು, ಅದರ ಸುತ್ತ ಮತ್ತೊಂದು. ಮೇಡಂ ಉಸಿರು ಬಿಡಿ ಎನ್ನುತ್ತಿದ್ದರು, ಇವಳು ಉಸಿರು ಕಟ್ಟಿ ಎಳೆದಳು. ಸುಳಿ ಹರಡುತ್ತ ಉಳಿದ ಕಾಳುಗಳನ್ನೂ ತನ್ನೊಳಗೆ ಸುತ್ತಿಕೊಂಡಿತು. ಒಂದು ಗೆರೆಯೂ ಇನ್ನೊಂದಕ್ಕೆ ತಾಗಲಿಲ್ಲ, ಒಂದು ಗೆರೆ ಎಳೆಯುವಾಗಲೂ ಅಸಹ್ಯ ಕಡಿಮೆಯಾಗಲಿಲ್ಲ.

ಗೋಡೆಯ ಮುಂದೆ ಮೇಡಂ ಬಹಳ ಹೊತ್ತು ನಿಂತರು. "ಎಷ್ಟು ಶಾಂತವಾಗಿದೆ," ಎಂದರು. ಅದನ್ನೇ ಆರಿಸಿದರು. ನಡುವಿನ ಆ ಮಸುಕು ಹೇಗೆ ಮಾಡಿದಿರಿ ಎಂದು ಕೇಳಿದಾಗ ಚೊಕ್ಕಮ್ಮ ನೀರಿನಿಂದ ಎಂದಳು. ಅರ್ಧ ನಿಜ.

ಗಾಜು ಹಾಕಿ ತೂಗುಹಾಕಿದ ಮೇಲೆ ನೋಡಲು ಹೊರಟಳು. ನಾದಿನಿ ತಾನೂ ಬರುತ್ತೇನೆಂದು ಹಟ ಹಿಡಿದಳು. ಲಿಫ್ಟಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದವನಿಗೂ, ಕಾಯುವ ಕೋಣೆಯಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಮುದುಕನಿಗೂ ಹೇಳಿಕೊಂಡು ಬಂದಳು, "ನಡುವೆ ಇರೋದು ನನ್ ಬೆರಳು. ಸುತ್ತ ಇರೋದು ಅತ್ತಿಗೇದು."

ಮೇಲಿನ ಮಹಡಿ ಚೊಕ್ಕಮ್ಮ ಅಂದುಕೊಂಡಷ್ಟು ಶುಭ್ರವಾಗಿರಲಿಲ್ಲ. ಕುರ್ಚಿಯ ಕೆಳಗೆ ಒದ್ದೆ ಹತ್ತಿ ಬಿದ್ದಿತ್ತು, ಗೋಡೆಯಲ್ಲಿ ತಲೆಯೆಣ್ಣೆಯ ಸಾಲು ಗುರುತು. ಅವಳ ಚೌಕ ಮಾತ್ರ ಗಾಜಿನೊಳಗೆ ಬೆಳ್ಳಗೆ ಕೂತಿತ್ತು, ಹೊಟ್ಟೆಯಲ್ಲಿ ಎಂಜಲು ಇಟ್ಟುಕೊಂಡು. ಅವಳಿಗೆ ಕಣ್ಣು ತೆಗೆಯಲಾಗಲಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುವುದೂ ನಿಲ್ಲಲಿಲ್ಲ.

ಗಾಜಿನ ಮೂಲೆಯಲ್ಲಿ ನೊಣದ ಹಿಕ್ಕೆಯಿತ್ತು. ನಾದಿನಿ ಅದನ್ನು ಕಂಡಳು. ತೋರುಬೆರಳು ಬಾಯಿಗೆ ಹೋಯಿತು, ಒದ್ದೆಯಾಗಿ ಗಾಜಿನತ್ತ ಹೊರಟಿತು.

ಚೊಕ್ಕಮ್ಮ ಆ ಬೆರಳನ್ನು ಗಬಕ್ಕನೆ ಹಿಡಿದಳು. ನಾದಿನಿ ಮನೆಗೆ ಬಂದ ಮೇಲೆ ಅವಳ ಕೈ ಮುಟ್ಟಿದ್ದು ಅದೇ ಮೊದಲು. ಬೆಚ್ಚಗೆ, ಜಿಗುಟಾಗಿತ್ತು, ನೆನೆದ ಹಿಟ್ಟಿನ ಹಾಗೆ.

"ಅಯ್ಯೋ, ಎಂಜಲು ಅತ್ತಿಗೆ," ಎಂದು ನಾದಿನಿಯೇ ಗಾಬರಿಯಾದಳು.

"ಗೊತ್ತು. ಬಿಟ್ರೆ ಮತ್ತೆ ಒತ್ತೀಯ."

ಬಿಡಲಿಲ್ಲ. ಲಿಫ್ಟ್ ಇಳಿಯುವವರೆಗೂ ಬೆರಳನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಮುಖವನ್ನು ಇನ್ನೊಂದು ಕಡೆ ತಿರುಗಿಸಿಕೊಂಡು ನಿಂತಳು. ಕೆಳಗೆ ಬಂದೊಡನೆ ನಾದಿನಿಯನ್ನು ಬೆಂಚಿನ ಮೇಲೆ ಕೂರಿಸಿ, ನಲ್ಲಿ ಎಲ್ಲಿದೆ ಎಂದು ಯಾರನ್ನೂ ಕೇಳದೆ ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದಳು. ಆ ನಲ್ಲಿ ಅವಳಿಗೆ ಗೊತ್ತಿತ್ತು. ಮೊದಲು ಅದನ್ನು ತೊಳೆದಳು.