ಹನ್ನೆರಡನೇ ಹೆಬ್ಬೆಟ್ಟು

ಶಹಾಬಾದಿನ ಆ ಫರ್ಶಿ ಕಲ್ಲಿನ ಖಣಿಯಲ್ಲಿ ಆಳುಗಳ ಗ್ಯಾಂಗನ್ನು ನಡೆಸುವ ಮುಕಾದಮ ಅಂದರೆ ಬಸವಂತರಾಯ. ಇದು ಕಾಗದದ ಮಾತು, ಖರೇ ಮಾತು ಬೇರೆ. ಮೊಣಕಾಲು ಹಿಡಿದುಕೊಂಡ ಮೇಲೆ ಬೇವಿನ ಗಿಡದ ನೆರಳಿಗೆ ಹೋಗಿ ಕುಳಿತ ಬಸವಂತರಾಯ ಆರು ವರ್ಷ ಅಲ್ಲಿಂದ ಏಳಲಿಲ್ಲ. ಆ ಆರು ವರ್ಷ ಗ್ಯಾಂಗನ್ನು ನಡೆಸಿದವಳು ಇಮಾಮ್ಬೀ. ಹಾಜರಿ ಪುಸ್ತಕದಲ್ಲಿ ಮಾತ್ರ ಆಕೆಯ ಹೆಸರಿನ ಮುಂದೆ ‘ಹೆಣ್ಣಾಳು’ ಎಂದೇ ಇತ್ತು. ಬರೆಯುವವರಿಗೆ ನೆರಳಲ್ಲಿ ಕುಳಿತವನು ಕಾಣುತ್ತಿದ್ದ, ಬಿಸಿಲಲ್ಲಿ ನಿಂತವಳು ಕಾಣುತ್ತಿರಲಿಲ್ಲ. ಏನು ಮಾಡುವುದು, ಕೆಲವರ ಕಣ್ಣೇ ಹಾಗೆ.

ಇಮಾಮ್ಬೀಯ ಕೈಯಲ್ಲಿ ಸದಾ ಒಂದು ಸಣ್ಣ ಸುತ್ತಿಗೆ. ಎಬ್ಬಿಸಿದ ಪ್ರತಿ ಹಾಸುಗಲ್ಲನ್ನೂ ಬಡಿದು ನೋಡುವಳು. ಠಣ್ ಅಂದರೆ ಕಲ್ಲು ಗಟ್ಟಿ. ಟೊಳ್ಳು ಸದ್ದು ಬಂದರೆ ಒಳಗೆಲ್ಲೋ ಬಿರುಕು ಅಡಗಿದೆ. ಹೊತ್ತರೆ ನಡುದಾರಿಯಲ್ಲಿ ಎರಡಾಗಿ ಯಾರದಾದರೂ ಕಾಲ ಮೇಲೆ ಬೀಳುವುದೇ. ಬಡಿಯದ ಕಲ್ಲನ್ನು ಯಾರೂ ಎತ್ತಕೂಡದು, ಇದು ಆಕೆಯ ಮೊದಲ ಕಾನೂನು. ತಪ್ಪಿದವರನ್ನು ನಾಲ್ಕು ಜನರ ಮುಂದೆ ಬೈಯದೆ ಗಿಡದ ಮರೆಗೆ ಕರೆದು ಹೇಳಬೇಕು, ಇದು ಎರಡನೆಯದು. ತನಗೆ ತಾನೇ ಹಾಕಿಕೊಂಡದ್ದು. ಆರು ವರ್ಷದಲ್ಲಿ ಆಕೆಯ ಗ್ಯಾಂಗಿನಲ್ಲಿ ಒಬ್ಬರ ಬೆರಳೂ ಜಜ್ಜಲಿಲ್ಲ.

ಎಪ್ಪತ್ತೈದನೇ ಇಸವಿಯಲ್ಲಿ ಬಸವಂತರಾಯ ನಿವೃತ್ತನಾದ. ಮುಕಾದಮನ ಜಾಗ ಇನ್ನು ಮುಂದೆ ಕಾಯಂ, ಅರ್ಜಿ ಹಾಕಬೇಕು, ಸಂದರ್ಶನಕ್ಕೆ ಬರಬೇಕು ಎಂದು ಆಫೀಸಿನ ಬಾಗಿಲಿಗೆ ಕಾಗದ ಅಂಟಿಸಿದರು. ಇಮಾಮ್ಬೀ ಮರುದಿನವೇ ಗುಮಾಸ್ತ ರೇವಣಸಿದ್ದಯ್ಯನ ಮುಂದೆ ನಿಂತಳು.

“ನನ್ನ ಅರ್ಜಿ ಬರೀರಿ ಅಯ್ಯನವರ.”

ರೇವಣಸಿದ್ದಯ್ಯ ಒಳ್ಳೆಯ ಮನುಷ್ಯ. ಹೆಸರು, ಊರು, ವಯಸ್ಸು ಎಲ್ಲ ತುಂಬಿದ. ಕೊನೆಯ ಕಾಲಮ್ಮಿಗೆ ಬಂದು ಪೆನ್ನು ಎತ್ತಿದ. “ಮೇಲಿನವರ ಕಡಿಂದ ಅನುಭವದ ಪತ್ರ ಬೇಕಂತವ್ವ. ಅಂದ್ರ ಬಸವಂತರಾಯರೇ ಕೊಡಬೇಕು.”

ಬಸವಂತರಾಯನ ಮನೆಗೆ ಹೋದಳು. ಆತ ಚಹಾ ತರಿಸಿದ, ಕಾಲುನೋವಿನ ಕಥೆ ಹೇಳಿದ, ಪತ್ರದ ಮಾತು ಬಂದಾಗ ಮುಖ ತಿರುಗಿಸಿದ. “ನೀ ಗ್ಯಾಂಗ್ ನಡಸಿದಿ ಅಂತ ನಾ ಬರದುಕೊಟ್ರ, ಆರು ವರ್ಷ ನೀ ಏನ್ ಮಾಡಿದ್ಯೋ ಬಸವಂತ್ಯಾ ಅಂತ ಕೇಳ್ತಾರ. ಆಗ ಏನ್ ಹೇಳ್ಲಿ ತಂಗೀ?”

ಅವನ ಸಂಕಟವೂ ಸುಳ್ಳಲ್ಲ. ಆದರೆ ಇಮಾಮ್ಬೀಗೆ ಮೈಯೆಲ್ಲ ಉರಿಯಿತು. ಜಾಗ ಕೈತಪ್ಪಿದರೆ ನಾಳೆ ಕಲ್ಲಿನ ಸದ್ದು ಗೊತ್ತಿಲ್ಲದ ಯಾವನೋ ಬಂದು ಗ್ಯಾಂಗಿನ ತಲೆಯ ಮೇಲೆ ಕೂರುತ್ತಾನೆ. ಗ್ಯಾಂಗಿನವರೆಲ್ಲ ಬರಿಗಾಲಿನವರು. ಸಿಟ್ಟಿನಲ್ಲಿ ರಸ್ತೆಗುಂಟ ನಡೆಯುತ್ತಿದ್ದಾಗಲೇ ಆಕೆಗೆ ಒಂದು ಯೋಚನೆ ಹೊಳೆಯಿತು. ನೆಟ್ಟಗೆ ಆಫೀಸಿಗೆ ಬಂದಳು.

“ಅಯ್ಯನವರ, ನನ್ನ ಕೈಕೆಳಗ ದುಡದವ್ರ ಕಡಿಂದ ಪತ್ರ ತರ್ತೀನಿ. ಹನ್ನೆರಡೂ ಮಂದಿದು ಹೆಬ್ಬೆಟ್ಟು.”

“ಕೆಳಗಿನವರ ಪತ್ರ ಯಾರ್ ಕೇಳ್ತಾರವ್ವ?”

“ನಾ ಹ್ಯಾಂಗ ದುಡೀತೀನಿ ಅಂತ ಮೇಲಿನವ್ರು ಹೇಳ್ಯಾರು. ನಾ ಹ್ಯಾಂಗ ದುಡಸ್ತೀನಿ ಅಂತ ಕೆಳಗಿನವ್ರಿಗೇ ಮಾಲೂಮು. ಮುಕಾದಮನ ಕೆಲಸ ಯಾವ್ದು, ನೀವೇ ಹೇಳ್ರಿ?”

ರೇವಣಸಿದ್ದಯ್ಯ ಪೆನ್ನಿನ ಮುಚ್ಚಳ ತೆಗೆದ. ಹಾಳೆಗೆ ಗೆರೆ ಎಳೆದು, ಹನ್ನೆರಡು ಹೆಸರು ಬರೆದು, ಶಾಯಿಯ ಪ್ಯಾಡನ್ನೂ ಕೊಟ್ಟು ಕಳಿಸಿದ.

ಹನ್ನೊಂದು ಹೆಬ್ಬೆಟ್ಟು ಒಂದೇ ಮಧ್ಯಾಹ್ನ ಬಿದ್ದವು. ಹಣಮವ್ವನಂತೂ ಒಂದಕ್ಕೆ ಎರಡು ಒತ್ತಲು ಹೋಗಿ ಎಲ್ಲರನ್ನೂ ನಗಿಸಿದಳು. ಉಳಿದದ್ದು ಗುಂಡಗುರ್ತಿಯ ಭೀಮಶ್ಯಾನ ಹೆಸರು.

ಭೀಮಶ್ಯಾ ಈಗ ಗ್ಯಾಂಗಿನಲ್ಲಿ ಇರಲಿಲ್ಲ. ಬಡಿಯದ ಕಲ್ಲನ್ನು ಎತ್ತುವ ಚಾಳಿ ಅವನದು. ಮೂರು ಸಲ ಇಮಾಮ್ಬೀ ಮರೆಗೆ ಕರೆದು ಹೇಳಿದ್ದಳು. ನಾಲ್ಕನೇ ಸಲ ಕಲ್ಲು ಎರಡಾಗಿ ಹಣಮವ್ವನ ಪಾದದಿಂದ ಒಂದು ಗೇಣು ಆಚೆ ಬಿತ್ತು. ಅಂದು ಎಲ್ಲರ ಮುಂದೆ ಬಾಯಿಗೆ ಬಂದಂತೆ ಬೈದು ಅವನನ್ನು ಮನೆಗೆ ಕಳಿಸಿದ್ದಳು. ಎರಡು ವರ್ಷವಾಗಿತ್ತು.

“ಆ ಹೆಸರು ಹೊಡದಾಕಿ ಬಿಡು, ಹನ್ನೊಂದು ಸಾಕು,” ಎಂದಳು ಹಣಮವ್ವ.

“ಅವನೂ ನನ್ನ ಕೈಯಾಗ ದುಡದಾನ. ಮೆಚ್ಚಿದವ್ರದಷ್ಟೇ ತಗೊಂಡ್ರ ಅದ್ಯಾತರ ಪತ್ರ?”

ವಾಡಿಯಲ್ಲಿ ಗಾಡಿ ಬದಲಿಸಿ ಚಿತ್ತಾಪುರಕ್ಕೆ ಬಂದು, ಅಲ್ಲಿಂದ ಬಸ್ಸು ಹಿಡಿದು ಗುಂಡಗುರ್ತಿ ಮುಟ್ಟುವಷ್ಟರಲ್ಲಿ ಸೂರ್ಯ ನೆತ್ತಿಗೇರಿದ್ದ. ಭೀಮಶ್ಯಾ ಕಟ್ಟೆಯ ಮೇಲಿದ್ದ. ಕುಂದ್ರು ಅನ್ನಲಿಲ್ಲ. ಆಕೆ ನಿಂತೇ ಬಂದ ಕಾರಣ ಹೇಳಿದಳು. ಅವನು ಹಾಳೆಯ ಕಡೆಗೂ ನೋಡಲಿಲ್ಲ.

“ನಿನ್ನ ತೆಗದದ್ದು ತಪ್ಪಲ್ಲ ಭೀಮಶ್ಯಾ,” ಎಂದಳು ಇಮಾಮ್ಬೀ. “ಇವತ್ತಿದ್ರೂ ತೆಗೀತಿದ್ದೆ. ಆದ್ರ ಹನ್ನೊಂದು ಮಂದಿ ಮುಂದ ಬೈದದ್ದು ತಪ್ಪು. ಹೆಬ್ಬೆಟ್ಟು ಕೊಡು, ಬಿಡು. ಅದನ್ನ ಹೇಳೋದು ಬಾಕಿ ಇತ್ತು, ಹೇಳಿದೆ. ಮುಕಾದಮನ ಜಾಗಕ್ಕ ಮುಲಾಕಾತ ಬರೋ ಸೋಮವಾರ ಅದ.”

ಭೀಮಶ್ಯಾ ಎದ್ದು ಒಳಗೆ ಹೋದ. ಇಮಾಮ್ಬೀ ಹಾಳೆಯಲ್ಲಿ ಅವನ ಹೆಸರಿನ ಮುಂದಿನ ಮನೆಯನ್ನು ಖಾಲಿ ಬಿಟ್ಟೇ ಅರ್ಜಿ ಕೊಟ್ಟಳು.

ಸೋಮವಾರ ಮೂವರು ಬಂದಿದ್ದರು. ಉಳಿದಿಬ್ಬರ ಕೈಯಲ್ಲಿ ಟೈಪು ಮಾಡಿಸಿದ ಪತ್ರಗಳಿದ್ದವು. ಇಮಾಮ್ಬೀಯ ಸರದಿ ಬಂದಾಗ ಮ್ಯಾನೇಜರ್ ಸಾಹೇಬರು ನೀಲಿ ಹೆಬ್ಬೆಟ್ಟುಗಳ ಹಾಳೆಯನ್ನು ಅತ್ತಿತ್ತ ತಿರುಗಿಸಿ ನೋಡಿದರು. ಇಂಥ ಅರ್ಜಿಯನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಅವರ ಬೆರಳು ಖಾಲಿ ಮನೆಗೆ ಬಂದು ನಿಂತಿತು.

“ಇದೇನಮ್ಮ, ಇಲ್ಲಿ ಹೆಬ್ಬೆಟ್ಟಿಲ್ಲ?”

“ಅವನ್ನ ನಾ ಕೆಲಸದಿಂದ ತೆಗದೀನ್ರಿ.”

“ತೆಗೆದವನ ಹೆಸರು ಯಾಕೆ ಬರೆಸಿದೆ?”

ಇಮಾಮ್ಬೀ ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ರೇವಣಸಿದ್ದಯ್ಯ ಕೆಮ್ಮಿ, “ಆ ಹೆಸರಿನವ ಇಲ್ಲೇ ಬಂದಾನ್ರಿ,” ಎಂದ. ಅವನ ಹಿಂದೆ ಒಗೆದ ಧೋತರ ಉಟ್ಟ ಭೀಮಶ್ಯಾ ನಿಂತಿದ್ದ. ಇವನ ಒಂದು ಮಾತು ಸಾಕಿತ್ತು ಎಲ್ಲ ಮಣ್ಣುಪಾಲಾಗಲು.

“ಈಕೆ ಹೇಗಯ್ಯಾ?” ಎಂದರು ಸಾಹೇಬರು.

“ಭಾಳ ಬಿರಸ್ರಿ. ಎಲ್ಲರ ಮುಂದ ಬೈದಾಳ, ಆ ಸಿಟ್ಟು ನನಗಿನ್ನಾ ಹೋಗಿಲ್ಲ.”

“ಮತ್ತೆ ಇಷ್ಟು ದೂರ ಯಾಕೆ ಬಂದೆ?”

ಭೀಮಶ್ಯಾ ಎಡಗಾಲನ್ನು ಮುಂದಿಟ್ಟ. ಹೆಬ್ಬೆರಳಿನ ಜಾಗದಲ್ಲಿ ಒಣಗಿದ ಗಾಯದ ಗಂಟು ಮಾತ್ರ ಇತ್ತು. “ಇಲ್ಲಿಂದ ಹೋದಮ್ಯಾಲ ಬ್ಯಾರೆ ಖಣಿಯಾಗ ದುಡದೆನ್ರಿ. ಅಲ್ಲಿ ಯಾರೂ ಕಲ್ಲು ಬಡದು ನೋಡಾಂಗಿಲ್ಲ. ಯಾರೂ ಬೈಯಾಂಗೂ ಇಲ್ಲ.” ಆಮೇಲೆ ಮೇಜಿನ ಮೇಲಿನ ಪ್ಯಾಡಿಗೆ ಹೆಬ್ಬೆಟ್ಟು ಒತ್ತಿ, ತನ್ನ ಹೆಸರಿನ ಮುಂದಿನ ಮನೆಯನ್ನು ತುಂಬಿದ. “ಈಕಿ ಮುಕಾದಮ ಆದ್ರ ನನಗೂ ಕೆಲಸ ಬೇಕ್ರಿ. ಅದರ ಅರ್ಜಿ ಎಲ್ಲಿ ಕೊಡಬೇಕು?”

ಸಾಹೇಬರು ಆ ಕಾಲನ್ನು ನೋಡಿದರು. ಟೈಪು ಮಾಡಿದ ಎರಡು ಪತ್ರಗಳನ್ನು ಬದಿಗಿಟ್ಟು, ಇಮಾಮ್ಬೀಯ ಅರ್ಜಿಗೆ ಸಹಿ ಹಾಕಿದರು.

ಹೊರಗೆ ಬಂದ ಮೇಲೆ ಇಮಾಮ್ಬೀ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳು ಬಂದದ್ದು ಖರೆ, ಮುಚ್ಚಿಡುವುದೇನು? ಆದರೆ ದನಿ ಮಾತ್ರ ಸಡಿಲ ಬಿಡಲಿಲ್ಲ.

“ನಾಳೆಯಿಂದ ಬಾ. ಬಡೀಲಾರದ ಕಲ್ಲು ಎತ್ತಿದ್ಯೋ, ಮತ್ತ ತೆಗೀತೀನಿ.”

“ಎಲ್ಲರ ಮುಂದನಾ ಅಕ್ಕಾ?”

“ಇಲ್ಲ,” ಎಂದಳು ಇಮಾಮ್ಬೀ. “ಗಿಡದ ಮರೀಗೆ ಕರದು.”