ಕಥೆಯ ಕೆಳಗಿನ ಹನ್ನೊಂದು ಸಾಲು

ಆ ಬುಧವಾರವೂ ಆಂಟಿಯ ಮೂಗಿನ ತುದಿ ಕಪ್ಪಗಿತ್ತು. ಪ್ರಿಂಟರಿನಿಂದ ಹೊರಬಂದ ಹಾಳೆಯನ್ನು ಇಂಕು ಆರುವ ಮೊದಲೇ ಮುಖಕ್ಕೆ ಹಿಡಿಯುತ್ತಿದ್ದರು. ದೃಷ್ಟಿ ಬಹಳ ಮಂಜಾಗಿತ್ತು. ಅಕ್ಷರ ಹುಣಸೆ ಬೀಜದಷ್ಟು ದಪ್ಪವಿದ್ದರೆ ಮಾತ್ರ ಓದಲಾಗುತ್ತಿತ್ತು.

“ಆಂಟಿ, ಮೂಗು ಒರೆಸ್ಕೊಳ್ಳಿ.”

“ಇರ್ಲಿ ಬಿಡವಾ. ಓದಿದ್ದಕ್ಕ ಸಾಕ್ಷಿ ಬೇಕಲ್ಲ.”

ಚಹಾ ಕುಡಿದೆವು. ಪೆನ್‌ಡ್ರೈವ್ ಅವರ ಕೈಗಿಟ್ಟು ಮನೆಗೆ ಬಂದೆ. ನಾನು ನಿಶ್ಚಿಂತೆಯಿಂದ ಅವರ ಮನೆಯಿಂದ ಇಳಿದು ಬಂದ ಕೊನೆಯ ದಿನ ಅದು.

ಡೈಮಂಡ್ ಬಾರ್ ಎಂಬ ಈ ಪರದೇಶದ ಊರಿನಲ್ಲಿ ನಮ್ಮ ಮನೆಯಿಂದ ಏರು ಹತ್ತಿದರೆ ಮೂರನೆಯದು ಅವರ ಮನೆ. ಧಾರವಾಡದವರು. ಗಂಡನ ಸಂಶೋಧನೆಯ ಕೆಲಸಕ್ಕಾಗಿ ಇಟಲಿಗೆ ಹೋಗಿ ಆ ಭಾಷೆ ಕಲಿತು, ಈ ದೇಶಕ್ಕೆ ಬಂದ ಮೇಲೆ ಕಾಲೇಜಿನಲ್ಲಿ ಅದನ್ನೇ ಕಲಿಸಿ ನಿವೃತ್ತರಾಗಿದ್ದರು. ಅಂಕಲ್ ತೀರಿಕೊಂಡಿದ್ದರು. ನಾನು ಬೆಂಗಳೂರಿನಲ್ಲಿ ಬಿ.ಕಾಂ. ಮುಗಿಸಿದವಳು. 2020ರ ಕೊರೋನಾ ದಿನಗಳಲ್ಲಿ ಅವರ ಬಾಗಿಲ ಹೊರಗೆ ತರಕಾರಿ ಇಟ್ಟು ಬರುತ್ತಿದ್ದೆ. ಮರುವರ್ಷ ಒಳಗೆ ಹೋಗಿ ಅವರ ಕಂಪ್ಯೂಟರಿನ ಮುಂದೆ ಕೂತೆ.

ಇಟಲಿಯ ಹೊಸ ಲೇಖಕರು ಫೋನಿನಲ್ಲೇ ಬರೆದು ಕಂತುಕಂತಾಗಿ ಹಾಕುತ್ತಿದ್ದ ಒಂದು ಸಣ್ಣ ವೆಬ್‌ಸೈಟ್ ಇತ್ತು. ನಾನು ಕಥೆಗಳನ್ನಷ್ಟೇ ಇಳಿಸಿ, ಅಕ್ಷರ ದೊಡ್ಡದು ಮಾಡಿ ಪ್ರಿಂಟ್ ತೆಗೆಯುತ್ತಿದ್ದೆ. ಆ ಬರವಣಿಗೆಯ ಬಗ್ಗೆ ಆಂಟಿ ಕನ್ನಡದಲ್ಲಿ ಪುಸ್ತಕ ಬರೆಯುತ್ತಿದ್ದರು. ಫೋನಿನಲ್ಲಿ ಗೀಚಿದ್ದೂ ಸಾಹಿತ್ಯವಾಗುತ್ತದೆಯೇ ಎಂದು ಅವರ ಹಳೆಯ ಸಹೋದ್ಯೋಗಿಗಳು ನಗುತ್ತಿದ್ದರಂತೆ. “ನಗ್ಲಿ. ಪುಸ್ತಕ ಬರೂ ತನಾ ನಗ್ಲಿ,” ಎನ್ನುತ್ತಿದ್ದರು.

ತಿಂಗಳ ಕೊನೆಗೆ ವೆಬ್‌ಸೈಟ್ ಮುಚ್ಚುತ್ತೇವೆಂದು ಅದರವರು ಪ್ರಕಟಿಸಿದರು. “ಎಲ್ಲಾ ಇಳಿಸಿಡು, ಏನೂ ಬಿಡಬ್ಯಾಡ,” ಎಂದರು ಆಂಟಿ. ಎಂಟು ದಿನ ಕೂತು ಇಳಿಸಿದೆ. ಜಾಹೀರಾತು ತೆಗೆದೆ, ಚಿಕ್ಕ ಚಿಕ್ಕ ಫೋಟೋ ತೆಗೆದೆ, ಪ್ರತಿ ಕಥೆಯ ಕೆಳಗೆ ಓದುಗರು ಬರೆದ ಸಾಲುಗಳನ್ನೂ ತೆಗೆದೆ. ಭಾಷೆ ಬಾರದ ನನಗೆ ಅವೂ ಕಸದ ಹಾಗೆಯೇ ಕಂಡವು. ಬುಧವಾರ ನಾನು ಕೊಟ್ಟದ್ದು ಆ ಪೆನ್‌ಡ್ರೈವ್. ಗುರುವಾರ ವೆಬ್‌ಸೈಟ್ ಮುಚ್ಚಿತು.

ಶುಕ್ರವಾರ ಕೇಳಿದರು: “ಆ ಟಿಕೆಟ್ ಕೊಡಾಕಿ ಕಥಿ ಕೆಳಗ ಮಂದಿ ಬರದದ್ದು ಪ್ರಿಂಟ್ ಹಾಕು. ಅದನ್ನ ಫೋನ್ ಓದಿ ಹೇಳ್ತಿತ್ತು, ಈಗ ಹೇಳವಲ್ದು.”

“ಕೆಳಗಡೆ ಇದ್ದಿದ್ದಾ? ಅದು ಜನ ಸುಮ್ನೆ ಬರ್ದಿದ್ದಲ್ವಾ ಆಂಟಿ? ಕ್ಲೀನ್ ಮಾಡ್ಬಿಟ್ಟೆ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮೊದಲಿನ ಲೇಖಕರು ಬಾಗಲಾ ಹಾಕ್ಕೊಂಡು ಬರದು, ಮುಗಸಿ ಹೊರಗ ಬರ್ತಿದ್ರು. ಈ ಹುಡುಗ್ರು ಕಟ್ಟಿ ಮ್ಯಾಲ ಕೂತು ಬರೀತಾವ. ಹೋಗಿ ಬರೋರು ಏನರ ಅಂತಾರ, ಕಥಿ ಆ ಕಡೆ ಹೊಳ್ಳತದ. ನೀ ಕಟ್ಟಿ ಅಷ್ಟ ಉಳಿಸಿದಿ, ಮಂದೀನ್ನ ಎಬ್ಬಿಸಿ ಕಳಿಸಿದಿ.”

ಆ ಕಥೆಯಲ್ಲಿ ಹಡಗುಕಟ್ಟೆಯಲ್ಲಿ ಟಿಕೆಟ್ ಕೊಡುವ ಹೆಂಗಸೊಬ್ಬಳು ಆಸ್ಪತ್ರೆಯಲ್ಲಿರುವ ತಾಯಿಗೆ ದಿನವೂ ಧ್ವನಿ ಸಂದೇಶ ಕಳಿಸುತ್ತಾಳೆ. ತಾಯಿ ಕೇಳಿದಳೋ ಇಲ್ಲವೋ ಗೊತ್ತಾಗದೆ ಕೊನೆಯ ಕಂತು ನಿಲ್ಲುತ್ತದೆ. ಅದರ ಕೆಳಗೆ ಬಾರಿ ಎಂಬ ಊರಿನ ನರ್ಸ್ ಒಬ್ಬಳು, ತಾನು ಅಂಥ ಫೋನುಗಳನ್ನು ರೋಗಿಗಳ ಕಿವಿಗೆ ಹಿಡಿಯುತ್ತಿದ್ದೆನೆಂದು ಬರೆದಿದ್ದಳು. ಹನ್ನೊಂದು ಸಾಲು. ಲೇಖಕಿ ಅದರಡಿಯಲ್ಲಿ ‘ಇದೇ ಮುಕ್ತಾಯ’ ಎಂದು ಬರೆದು ಸುಮ್ಮನಾಗಿದ್ದಳಂತೆ. ಆಂಟಿಯ ಪುಸ್ತಕದ ಕೊನೆಯ ಅಧ್ಯಾಯ ನಿಂತಿದ್ದದ್ದು ಆ ಸಾಲುಗಳ ಮೇಲೆ.

ಲೇಖಕಿಗೆ ಮೇಲ್ ಮಾಡಿದೆವು. ‘ವೆಬ್‌ಸೈಟಿನಲ್ಲಿ ಇದ್ದೇ ಇರುತ್ತದೆ ಎಂದುಕೊಂಡಿದ್ದೆ, ನಾನೂ ಇಟ್ಟುಕೊಂಡಿಲ್ಲ’ ಎಂದು ಅವಳ ಉತ್ತರ ಬಂತು. ಆಂಟಿ ನೆನಪಿನಿಂದ ಬರೆದು ನೋಡಿದರು, ದಪ್ಪ ಮಾರ್ಕರಿನಲ್ಲಿ, ನಾಲ್ಕು ಸಲ. ನಾಲ್ಕನ್ನೂ ಹೊಡೆದು ಹಾಕಿದರು. “ಇದು ನಾ ಬರದಂಗಾತು. ಆಕಿ ಹಿಂಗ ಚಂದಾಗಿ ಬರದಿದ್ದಿಲ್ಲ.”

ನಾನು ಅತ್ತೆ. “ಅಳೂದು ಆಮ್ಯಾಲ. ನಾಳಿಂದ ನಿಂಗ ಇಟಾಲಿಯನ್ ಪಾಠ,” ಎಂದರು. “ಭಾಷಾ ಬರಲಾರದಾಕಿಗೆ ಕಸಾ ಯಾವುದು ಕಾಳು ಯಾವುದು ಹೆಂಗ ತಿಳೀಬೇಕು? ಕಲಿಸದ ಕೆಲಸ ಹಚ್ಚಿದ್ದು ನನ್ನ ತಪ್ಪು.”

ಎರಡು ವರ್ಷ ಕಲಿಸಿದರು. ಕ್ರಿಯಾಪದ ತಪ್ಪಿದರೆ “ಏ ಬೆಂಗಳೂರಿನಾಕಿ, ನಿದ್ದಿ ಬಂತೇನು?” ಎನ್ನುತ್ತಿದ್ದರು. ಕೊನೆಯ ಅಧ್ಯಾಯವನ್ನು ನನಗೆ ಹೇಳಿ ಬರೆಸಿದರು: ಇಲ್ಲಿ ಹನ್ನೊಂದು ಸಾಲುಗಳಿದ್ದವು, ನಾವು ಉಳಿಸಿಕೊಳ್ಳಲಿಲ್ಲ.

“‘ನಾವು’ ಯಾಕೆ ಆಂಟಿ? ತಪ್ಪು ನಂದಲ್ವಾ?”

“‘ನಾವು’ ಅಂತನ ಬರಿ.”

ಹಾಗೆಯೇ ಬರೆದೆ. ಕಳೆದ ವಸಂತದಲ್ಲಿ ಡೆಲ್ ಮಾರ್ ಊರಿನಲ್ಲಿದ್ದ ತಮ್ಮ ಮಗಳ ಮನೆಯಲ್ಲಿ ಆಂಟಿ ತೀರಿಕೊಂಡರು. ಪುಸ್ತಕ ಮುಗಿದಿದೆ, ಚೆನ್ನಾಗಿದೆ, ನಗುವವರು ಓದಲಿ. ಪ್ರೂಫ್ ನಾನೇ ನೋಡಿದೆ, ಇಟಾಲಿಯನ್ ಭಾಗವನ್ನೂ. ಟಿಕೆಟ್ ಕೊಡುವ ಹೆಂಗಸಿನ ಕಥೆಯನ್ನು ಈಗ ನಿಘಂಟಿಲ್ಲದೆ ಓದುತ್ತೇನೆ. ನರ್ಸ್ ಬರೆದ ಆ ಸಾಲುಗಳು ನನ್ನ ಬಳಿ ಇಲ್ಲ.